ಡಾಕ್ಟರು ಕೇಳಿದಾಗ ನಾನು ‘ಇಲ್ಲ’ ಅಂದೆ

ನಾನು ಸೀಳುತುಟಿಯೊಂದಿಗೆ ಹುಟ್ಟಿದವನು. ಈ ಮಾತನ್ನು ನನ್ನ ಹೆಂಡತಿಯಿಂದ ಇಪ್ಪತ್ತಾರು ವರ್ಷ ಮುಚ್ಚಿಟ್ಟೆ. ಬರೀ ಮುಚ್ಚಿಟ್ಟದ್ದಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ — ನಾಚಿಕೆಯ ಗುಟ್ಟು ಯಾರ ಮನೆಯಲ್ಲಿ ಇಲ್ಲ? ಆದರೆ ನಮ್ಮ ಮಗಳು ಸೀಳಿದ ತುಟಿ, ಸೀಳಿದ ಅಂಗುಳದೊಂದಿಗೆ ಹುಟ್ಟಿದಾಗ, ಅದು ಹೆತ್ತವಳ ತಪ್ಪಿನಿಂದಲೇ ಆಯಿತೆಂದು ಹತ್ತು ಜನ ನನ್ನ ಹೆಂಡತಿಯನ್ನು ಅಂದಾಗ, ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಸುಮ್ಮನಿದ್ದೆ. ಆಮೇಲೆ ಡಾಕ್ಟರು ನೇರವಾಗಿ ಕೇಳಿದಾಗ ಸುಮ್ಮನಿರಲಿಲ್ಲ — ಸುಳ್ಳು ಹೇಳಿದೆ.

ನನ್ನ ಹೆಸರು ತಿಪ್ಪೇಸ್ವಾಮಿ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಘಟಕದಲ್ಲಿ ಕಟಿಂಗ್ ಮಾಸ್ಟರ್. ನನ್ನ ಮೇಲ್ದುಟಿಯ ಎಡಗಡೆ, ಮೂಗಿನ ಹೊಳ್ಳೆಯಿಂದ ಕೆಳಗಿಳಿಯುವ ಒಂದು ಗೆರೆ ಇದೆ. ಮೀಸೆ ದಪ್ಪಗೆ ಬಿಟ್ಟರೆ ಅಷ್ಟಾಗಿ ಕಾಣುವುದಿಲ್ಲ. ಯಾರಾದರೂ ಕೇಳಿದರೆ, ಸಣ್ಣವನಿದ್ದಾಗ ಎತ್ತಿನ ಬಂಡಿಯಿಂದ ಬಿದ್ದು ತುಟಿ ಹರಿದದ್ದು ಎಂದು ಹೇಳುತ್ತಿದ್ದೆ. ನನಗೂ ಹಾಗೆಂದೇ ಹೇಳಿ ಬೆಳೆಸಿದ್ದರು. ನಾವು ಡಿ. ಹಿರೇಹಾಳ್ ಬಿಟ್ಟು ರಾಯದುರ್ಗಕ್ಕೆ ಬಂದಾಗ ನನಗೆ ಮೂರು ವರ್ಷ. ಹೊಸ ಊರಿನಲ್ಲಿ ನನ್ನ ಹುಟ್ಟಿದ ಮುಖವನ್ನು ನೋಡಿದವರು ಯಾರೂ ಇರಲಿಲ್ಲ.

ಹದಿನಾಲ್ಕು ವರ್ಷದವನಿದ್ದಾಗ ಒಂದು ದಿನ ಅವ್ವ ನಿಜ ಹೇಳಿದಳು. ನಾನು ಕನ್ನಡಿ ಮುಂದೆ ನಿಂತು, ಆ ಬಂಡಿ ಯಾರದು, ಎಲ್ಲಿ ಬಿದ್ದೆ ಎಂದು ಒಂದೇ ಸಮ ಕೇಳುತ್ತಿದ್ದೆ. ಅವ್ವ ಬೇಸತ್ತು, “ಬಂಡಿ ಇಲ್ಲ ಏನಿಲ್ಲಪ್ಪ. ನೀ ಹುಟ್ಟಿದ್ದೇ ಹಂಗ. ನಮ್ಮಣ್ಣಗೂ ಹಂಗ ಇತ್ತಂತ, ಹಾಲು ಕುಡಿಯಾಕ ಬರದ ಸತ್ತುಹೋತಂತ ಕೂಸು. ನಿನ್ನ ಬಳ್ಳಾರಿಗೆ ಒಯ್ದು ಹೊಲಿಸಿದಿವಿ. ಯಾರ ಮುಂದೂ ಅನಬ್ಯಾಡ. ನಾಳೆ ಹೆಣ್ಣು ಕೊಡಂಗಿಲ್ಲ” ಎಂದಳು. “ಗ್ರಹಣ ನೋಡಿದ್ಲು, ಅದಕ್ಕ ಹಿಂಗಾತು ಅಂತ ನಿಮ್ಮಜ್ಜಿ ನನ್ನ ಸಾಯೋತನ ಅಂದ್ಲು” ಎಂದು ಸೇರಿಸಿದಳು.

ನಮ್ಮ ಗಡಿಯ ಕಡೆ ತೆಲುಗಿನಲ್ಲಿ ಇದಕ್ಕಿರುವ ಹೆಸರೇ ‘ಗ್ರಹಣಂ ಮೊರ್ರಿ’. ಹೆಸರು ಹಿಡಿದು ಕರೆದರೆ ಸಾಕು, ಅಪರಾಧಿ ಯಾರೆಂದು ಹೇಳಿದಂತೆಯೇ — ಬಸುರಿ ಗ್ರಹಣದ ಹೊತ್ತಿನಲ್ಲಿ ಏನೋ ಮಾಡಬಾರದ್ದು ಮಾಡಿದ್ದಾಳೆ. ಅವ್ವ ಆ ಮಾತನ್ನು ಬದುಕಿಡೀ ಹೊತ್ತವಳು. ಅದು ಎಷ್ಟು ಭಾರವೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ — ನನಗೆ ತಿಳಿಯದೆ ಆದದ್ದು ಒಂದೂ ಇಲ್ಲ.

ಗಿರಿಜಾ ಮಡಕಶಿರಾ ಕಡೆಯವಳು, ರೊಳ್ಳದ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ. ಮದುವೆಯಾದ ಹೊಸದರಲ್ಲಿ ಅವಳ ಮಾತು ಕೇಳಿ ನಮ್ಮ ಓಣಿಯವರು ನಗುತ್ತಿದ್ದರು, ನಮ್ಮ ಮಾತು ಕೇಳಿ ಅವಳು ನಗುತ್ತಿದ್ದಳು. ಮೊದಲ ವಾರವೇ ನನ್ನ ತುಟಿಯ ಗೆರೆಯ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದಳು. ಬಂಡಿಯ ಕಥೆ ಹೇಳಿದೆ. “ತುಂಬಾ ನೋವಾಗಿರ್ಬೇಕು ಅಲ್ವಾ?” ಅಂದಳು. ಹೌದು ಅಂದೆ. ಇಲ್ಲದ ಬಂಡಿ, ಆಗದ ನೋವು — ಅದಕ್ಕೂ ಅವಳಿಂದ ಮರುಕ ಪಡೆದುಕೊಂಡೆ.

ಅವಳು ಆರು ತಿಂಗಳ ಬಸುರಿ ಇದ್ದಾಗ ಹಗಲಲ್ಲೇ ಸೂರ್ಯಗ್ರಹಣ ಬಂತು. ಆಗ ಹೊಲಿದ ಪ್ಯಾಂಟುಗಳ ಗಂಟನ್ನು ಮನೆಗೆ ತರುತ್ತಿದ್ದೆ. ಹೊಲಿಗೆಯ ಕೊನೆಯಲ್ಲಿ ಉಳಿದ ದಾರಗಳನ್ನು ಗಿರಿಜಾ ಸಣ್ಣ ಕತ್ತರಿಯಿಂದ ಕತ್ತರಿಸಿ ಸರಿಮಾಡುತ್ತಿದ್ದಳು. ಅಂದು ಸಂಜೆಗೆ ಮಾಲು ಹೋಗಬೇಕಿತ್ತು. “ಇವತ್ತು ಕತ್ತರಿ ಹಿಡೀಬಾರ್ದು ಅಂತಾರೆ ಕಣ್ರೀ” ಎಂದು ಅವಳು ಅನುಮಾನಿಸಿದಳು. ನಾನು ನಕ್ಕೆ. “ಸೂರ್ಯಗೂ ನಿನ್ನ ಕತ್ತರಿಗೂ ಏನ ಸಂಬಂಧ? ಮುಗಿಸು” ಅಂದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ದೀಪ ಹಾಕಿಕೊಂಡು ಅವಳು ಅಷ್ಟನ್ನೂ ಮುಗಿಸಿದಳು. ನಾನು ಗ್ರಹಣದ ಮಾತನ್ನು ನಂಬುವವನಲ್ಲ. ಅಂದೂ ನಂಬಿರಲಿಲ್ಲ.

ನಂದಿನಿ ಹುಟ್ಟಿದಳು. ತುಟಿ ಮೂಗಿನವರೆಗೆ ಸೀಳಿತ್ತು, ಬಾಯೊಳಗೆ ಅಂಗುಳವೂ ಕೂಡಿರಲಿಲ್ಲ. ಕೂಸನ್ನು ಮನೆಗೆ ತಂದ ದಿನ ಪಡಸಾಲೆಯಲ್ಲಿ ಓಣಿಯ ಹೆಂಗಸರು, ಹಿರೇಹಾಳಿನ ನೆಂಟರು, ರೊಳ್ಳದಿಂದ ಬಂದ ಬೀಗರು, ಎಲ್ಲ ಕೂತಿದ್ದರು. ಅವ್ವ ಅವರ ಮುಂದೆ, “ಗ್ರಹಣದಾಗ ಕತ್ತರಿ ಹಿಡದು ಕುಂತಿದ್ಲು ನೋಡ್ರಿ ಇಕಿ. ಕೂಸಿನ ಬಾಯಿ ಕತ್ತರಿಸಿ ಇಟ್ಲು” ಎಂದಳು. ಗಿರಿಜಾ ನನ್ನ ಕಡೆ ನೋಡಿದಳು. ಇವರೇ ಮಾಡು ಅಂದದ್ದು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳುತ್ತೇನೆಂದು ಕಾದಳೇನೋ — ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಕೂಸಿಗೆ ಮೊಲೆ ಹಿಡಿದು ಚೀಪಲು ಬರುತ್ತಿರಲಿಲ್ಲ. ಕುಡಿಸಿದ ಹಾಲು ಮೂಗಿನಿಂದ ಬರುತ್ತಿತ್ತು. ಗಿರಿಜಾ ಹಾಲನ್ನು ಹಿಂಡಿ, ಒಳಲೆಯಲ್ಲಿ ಹಾಕಿ, ಕೂಸನ್ನು ತೊಡೆಯ ಮೇಲೆ ಒರಗಿಸಿಕೊಂಡು ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದಳು. ಒಂದು ಸಲಕ್ಕೆ ಒಂದು ಗಂಟೆ. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಹಸಿವು. ಅವ್ವನ ಅಣ್ಣನ ಹಾಗೆ ನಮ್ಮ ಮಗಳು ಹೋಗಲಿಲ್ಲವೆಂದರೆ ಅದಕ್ಕೆ ಗಿರಿಜಾಳ ಆ ತಾಳ್ಮೆಯೇ ಕಾರಣ. ಅದನ್ನು ಯಾರೂ ಪಡಸಾಲೆಯಲ್ಲಿ ಕೂತು ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು, ಕನ್ನಡದವರು. ಮಗುವನ್ನು ನೋಡಿ, “ಚೆನ್ನಾಗಿ ಸರಿಹೋಗುತ್ತೆ, ಹೆದರಬೇಡಿ” ಅಂದರು. ಆಮೇಲೆ ಪೆನ್ನು ತೆಗೆದುಕೊಂಡು, “ನಿಮ್ಮಿಬ್ಬರ ಮನೆತನದಲ್ಲಿ ಯಾರಿಗಾದರೂ ಹೀಗೆ ಇತ್ತಾ?” ಎಂದು ಕೇಳಿದರು.

ಗಿರಿಜಾ ತಲೆಯಾಡಿಸಿ, ಅವರ ಕಡೆ ಯಾರಿಗೂ ಇಲ್ಲವೆಂದಳು. ಡಾಕ್ಟರು ನನ್ನ ಕಡೆ ತಿರುಗಿದರು.

“ಇಲ್ಲ ಸಾರ್” ಅಂದೆ.

ಅವರು ನನ್ನ ಮೀಸೆಯನ್ನೇ ಒಂದು ಗಳಿಗೆ ನೋಡಿದರು. “ಆ ಗಾಯ?”

“ಬಂಡಿಯಿಂದ ಬಿದ್ದದ್ದು ಸಾರ್.”

ಅವರು ಹಾಗೆಯೇ ಬರೆದುಕೊಂಡರು. ಮನೆತನದಲ್ಲಿ ಇಲ್ಲವೆಂದಮೇಲೆ ಉಳಿದ ಪ್ರಶ್ನೆಗಳೆಲ್ಲ ಗಿರಿಜಾಳ ಕಡೆ ಹೋದವು. ಮೊದಲ ಎರಡು ತಿಂಗಳಲ್ಲಿ ಜ್ವರ ಬಂದಿತ್ತಾ? ಅಂಗಡಿಯಿಂದ ತಂದು ಮಾತ್ರೆ ನುಂಗಿದ್ದಿರಾ? ಸಕ್ಕರೆ ಕಾಯಿಲೆ ಇದೆಯಾ? ಸೊಪ್ಪು, ಕಾಳು ತಿನ್ನುತ್ತಿದ್ದಿರಾ? ಒಲೆಯ ಹೊಗೆ? ಮನೆಯಲ್ಲಿ ಬೀಡಿ ಸೇದುವವರು? ಜ್ವರ ಬಂದಿತ್ತು, ಮೆಡಿಕಲ್ ಶಾಪಿನ ಮಾತ್ರೆ ನುಂಗಿದ್ದಳು. ಒಂದೊಂದನ್ನೂ ತಲೆ ತಗ್ಗಿಸಿ ಒಪ್ಪಿಕೊಂಡಳು. ಬೀಡಿಯ ಪ್ರಶ್ನೆಗೆ ಮಾತ್ರ, “ಇವ್ರು ಸೇದ್ತಾರೆ ಸಾರ್, ಆದ್ರೆ ಹೊರಗಡೆ ಹೋಗಿ ಸೇದ್ತಾರೆ” ಎಂದಳು. ನಾನು ಸೇದುತ್ತಿದ್ದುದು ಅವಳು ಮಲಗುವ ಕೋಣೆಯಲ್ಲೇ. ನಾನು ನನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದೆ. ಅವಳೂ ನನ್ನನ್ನು ಉಳಿಸಲೆಂದೇ ಸುಳ್ಳು ಹೇಳಿದಳು.

ಡಾಕ್ಟರು ಕೊನೆಗೆ ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿ ಮಗುವಿನ ಮುಖ ಎರಡೂ ಬದಿಯಿಂದ ಬೆಳೆದು ನಡುವೆ ಕೂಡಿಕೊಳ್ಳುತ್ತದೆ, ಕೆಲವೊಮ್ಮೆ ಕೂಡುವುದಿಲ್ಲ. ರಕ್ತದಲ್ಲಿ ಬಂದದ್ದು ಸ್ವಲ್ಪ, ಹೊರಗಿನದು ಸ್ವಲ್ಪ, ಬಹಳ ಸಲ ಇಂಥದ್ದೇ ಎಂದು ಬೆರಳು ಮಾಡಿ ಹೇಳಲಾಗುವುದಿಲ್ಲ, ಇದು ಯಾರ ತಪ್ಪೂ ಅಲ್ಲ ಎಂದರು. ಆದರೆ ಅಷ್ಟು ಪ್ರಶ್ನೆಗಳಿಗೆ ಒಬ್ಬಳೇ ಉತ್ತರ ಕೊಟ್ಟವಳ ಕಿವಿಗೆ ಕೊನೆಯ ಮಾತು ಬೀಳುತ್ತದೆಯೇ? ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದಳು:

“ಅಂದ್ರೆ ನನ್ನಿಂದ್ಲೇ ಆಗಿದ್ದು ಅಲ್ವೇನ್ರೀ?”

ಅಲ್ಲ ಅನ್ನಲು ಒಂದೇ ಶಬ್ದ ಸಾಕಿತ್ತು. ನಾನು ಅಂದದ್ದು ಇದು: “ಬಿಡು. ಆಗಿದ್ದು ಆತು.”

ಆಗಿದ್ದು ಆತು — ದೊಡ್ಡ ಮನಸ್ಸಿನವನಂತೆ ಅಂದೆ. ನಾನು ಅವಳನ್ನು ಕ್ಷಮಿಸಿದ್ದೇನೆಂದು ತಿಳಿದು ಅವಳು ನನ್ನ ಕೈ ಹಿಡಿದುಕೊಂಡಳು.

ಮೊದಲು ತುಟಿಯ ಆಪರೇಷನ್ ಆಯಿತು, ವರ್ಷ ತುಂಬಿದ ಮೇಲೆ ಅಂಗುಳದ್ದು, ಹಲ್ಲು ಬದಲಾಗುವ ಹೊತ್ತಿಗೆ ಒಸಡಿನದು. ಪಟ್ಟಿ ಬಿಚ್ಚಿದಾಗ ನಾನು ಮೊದಲು ನೋಡಿದ್ದು ಹೊಲಿಗೆಯನ್ನು. ನನ್ನ ಕಸುಬಿನ ಚಟ. ಅಷ್ಟು ಸಣ್ಣ, ಅಷ್ಟು ಸಮನಾದ ಹೊಲಿಗೆ ನಮ್ಮ ಯಾವ ಟೈಲರ್ ಕೈಯಲ್ಲೂ ಬಂದದ್ದು ಕಂಡಿಲ್ಲ.

ಆ ಮೇಲಿನ ವರ್ಷಗಳು ಸುಖವಾಗಿಯೇ ಇದ್ದವು. ಇದನ್ನು ಹೇಳಲು ಅಳುಕುತ್ತದೆ, ಆದರೂ ಸುಳ್ಳಲ್ಲ. ನಂದಿನಿಯ ಮಾತು ಮೂಗಿನಿಂದ ಬರುತ್ತಿತ್ತು. ‘ಪ’ ಅಂದರೆ ‘ಮ’ ಕೇಳಿಸುತ್ತಿತ್ತು. ಆಸ್ಪತ್ರೆಯವರು ಕಲಿಸಿದಂತೆ ಗಿರಿಜಾ ಮಗಳ ಅಂಗೈ ಮೇಲೆ ಕಾಗದದ ಚೂರು ಇಟ್ಟು, ಪಪ್ಪಾಯಿ, ಪಾತ್ರೆ, ಪಲ್ಯ ಎಂದು ಒಂದೊಂದೇ ಹೇಳಿಸುತ್ತಿದ್ದಳು. ಮಾತು ಸರಿಯಾಗಿ ಬಂದರೆ ಉಸಿರಿಗೆ ಕಾಗದ ಹಾರಬೇಕು. ನಾವು ಮೂವರೂ ಕೂತು ಕಾಗದ ಹಾರಿಸುತ್ತಿದ್ದೆವು. ನಂದಿನಿ ಓದಿದಳು, ಲ್ಯಾಬ್ ಟೆಕ್ನಿಷಿಯನ್ ಆದಳು. ಮಡಕಶಿರಾದ ಹುಡುಗನೊಬ್ಬ ನೋಡಲು ಬಂದಾಗ, ಮೇಷ್ಟ್ರು ಅವನು, ಅವಳೇ ಎಲ್ಲರ ಮುಂದೆ, “ನನಗ ಹುಟ್ಟಿದಾಗಿಂದ ಸೀಳುತುಟಿ ಇತ್ತು, ಮೂರು ಆಪರೇಷನ್ ಆಗ್ಯಾವ” ಎಂದಳು. ಹುಡುಗ, “ಕಾಫಿ ಚೆನ್ನಾಗಿದೆ” ಅಂದ. ಮದುವೆ ಆಯಿತು. ಅಂದು ಅವಳ ಧೈರ್ಯಕ್ಕೆ ಹೆಮ್ಮೆಪಟ್ಟೆ. ಆ ಧೈರ್ಯ ಯಾರಲ್ಲಿ ಇರಲಿಲ್ಲವೆಂದು ನನಗೊಬ್ಬನಿಗೇ ಗೊತ್ತಿತ್ತು.

ಆದರೆ ಗಿರಿಜಾ ಈ ಸುಖವನ್ನೆಲ್ಲ ಒಂದು ಶಿಕ್ಷೆಯ ಒಳಗೆ ಕೂತೇ ಅನುಭವಿಸಿದಳು. ಇನ್ನೊಂದು ಮಗು ಬೇಡವೆಂದಳು, “ಇನ್ನೊಂದು ಜೀವಕ್ಕೆ ನಾನು ಹಂಗೆ ಮಾಡಲ್ಲ.” ಶನಿವಾರ ಶನಿವಾರ ನೇಮಕಲ್ಲಿನ ಆಂಜನೇಯನ ಹೆಸರಲ್ಲಿ ಉಪವಾಸ ಮಾಡಿದಳು. ಅವಳ ತಂಗಿ ಮಂಜುಳಾಗೆ ಸೀಮಂತವಾದಾಗ, ತನ್ನ ಕೈ ಬಸುರಿಗೆ ತಾಗಬಾರದೆಂದು ತವರಿಗೇ ಹೋಗಲಿಲ್ಲ. ಮಂಜುಳಾ ಅದನ್ನು ಅವಮಾನವೆಂದು ತಿಳಿದು ಎರಡು ವರ್ಷ ಮಾತು ಬಿಟ್ಟಳು. ನಾನು ಎಲ್ಲವನ್ನೂ ನೋಡಿದೆ. ಒಂದು ಸಂಜೆ ಆರನೇ ತರಗತಿಯ ನಂದಿನಿ ಶಾಲೆಯಿಂದ ಅಳುತ್ತಾ ಬಂದು, “ಅಪ್ಪಾ, ಇಡೀ ಊರಾಗ ನನಗೊಬ್ಬಾಕಿಗೇ ಯಾಕ ಹಿಂಗ?” ಎಂದು ನನ್ನ ಮುಖಕ್ಕೆ ಮುಖ ಇಟ್ಟು ಕೇಳಿದಳು. ಅಷ್ಟು ಹತ್ತಿರ — ನನ್ನ ಗೆರೆ ಅವಳ ಗೆರೆಗೆ ಒಂದು ಗೇಣು ದೂರದಲ್ಲಿತ್ತು. ಅವಳ ತಲೆ ಸವರಿದೆ. ಅವ್ವ ಆಗ ಬದುಕಿದ್ದಳು, ನಿಜ ಹೇಳಿದರೆ ಅವಳ ಮಾತು ಹೋಗುತ್ತದೆ ಅಂದುಕೊಂಡೆ. ಅವ್ವ ಸತ್ತಳು. ಆಮೇಲೂ ಹೇಳಲಿಲ್ಲ. ಅಂದಮೇಲೆ ಅವ್ವ ಕಾರಣವಲ್ಲ.

ಹೋದ ವರ್ಷ ನಂದಿನಿ ಊರಿಗೆ ಬಂದಿದ್ದಳು. ಮಗು ಮಾಡಿಕೊಳ್ಳುವ ಮುಂಚೆ ಒಮ್ಮೆ ಅನುವಂಶೀಯತೆಯ ಡಾಕ್ಟರನ್ನು ನೋಡಬೇಕೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಮೂರು ತಲೆಮಾರಿನ ವಿಷಯ ಬರೆದು ತರಲು ಹೇಳಿದ್ದರಂತೆ. ಮಧ್ಯಾಹ್ನ ಊಟ ಮುಗಿದು ಗಿರಿಜಾ ಅವರೆಕಾಯಿ ಸುಲಿಯುತ್ತಿದ್ದಳು. ನಂದಿನಿ ಪಕ್ಕದಲ್ಲಿ ಕಾಗದ ಹರವಿಕೊಂಡು, “ಅಪ್ಪಾ, ನಿನ್ನ ಕಡಿ ಯಾರಿಗಾರ ಹಿಂಗ ಇತ್ತೇನು?” ಎಂದಳು.

ಅದೇ ಪ್ರಶ್ನೆ. ನನಗಿಂತ ಮೊದಲು ಗಿರಿಜಾ ಉತ್ತರ ಕೊಟ್ಟಳು. ತಲೆ ಎತ್ತಲಿಲ್ಲ, ಸುಲಿಯುವುದನ್ನು ನಿಲ್ಲಿಸಲಿಲ್ಲ. “ಯಾರಿಗೂ ಇಲ್ಲ ಕಣಮ್ಮ. ನನ್ನ ತಪ್ಪಿಂದಾನೇ ಆಗಿದ್ದು ಅಂತ ಬರ್ಕೋ.”

ಇಷ್ಟು ವರ್ಷದ ಮೇಲೆ, ಇಷ್ಟು ಸಲೀಸಾಗಿ — ಊರಿನ ಹೆಸರು, ಪಿನ್‌ಕೋಡು ಬರೆಸಿದಂತೆ. ಅದನ್ನು ನನ್ನಿಂದ ತಡೆಯಲಾಗಲಿಲ್ಲ.

“ಇತ್ತು” ಅಂದೆ. “ನನಗ ಇತ್ತು. ಬಂಡಿ ಗಿಂಡಿ ಎಲ್ಲಾ ಸುಳ್ಳು. ಅವ್ವನ ಅಣ್ಣಗೂ ಇತ್ತು. ನನಗ ಹದಿನಾಕು ವರ್ಷ ಇದ್ದಾಗಿಂದ ಗೊತ್ತೈತಿ. ಬೆಂಗ್ಳೂರಾಗ ಡಾಕ್ಟ್ರು ಕೇಳಿದಾಗ ಇಲ್ಲ ಅಂದೆ.”

ನಂದಿನಿ ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮೀಸೆಯನ್ನು ಎರಡು ಬೆರಳಿನಿಂದ ಸರಿಸಿ ಆ ಗೆರೆಯನ್ನು ನೋಡಿದಳು; ಆಮೇಲೆ ತನ್ನ ತುಟಿ ಮುಟ್ಟಿಕೊಂಡಳು. “ಅಂದ್ರ ನಾ ನಿನ್ನಂಗ ಹುಟ್ಟೀನಿ” ಅಂದಳು. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ನಗುವಿತ್ತು. “ಇದನ್ನ ನನಗ ಆರನೇ ಕ್ಲಾಸಿನ್ಯಾಗ ಹೇಳಬೇಕಿತ್ತಲ್ಲಪ್ಪ. ನಾ ಒಬ್ಬಾಕೇ ಅಂದ್ಕೊಂಡಿದ್ದೆ.”

ನಾನು ಒಬ್ಬಳಿಗೆ ದ್ರೋಹ ಮಾಡಿದ್ದೇನೆಂದು ತಿಳಿದಿದ್ದೆ. ಇಬ್ಬರಿಗೆ ಎಂಬುದು ಅಂದು ತಿಳಿಯಿತು.

ಗಿರಿಜಾ ಅವರೆಕಾಯಿ ಸುಲಿದು ಮುಗಿಸಿ, ಸಿಪ್ಪೆಯನ್ನು ಎತ್ತಿಕೊಂಡು ಹೋಗಿ ಎಮ್ಮೆಗೆ ಹಾಕಿ ಬಂದಳು. ಮೂರು ದಿನ ಊಟ ಬಡಿಸಿದಳು, ಬಟ್ಟೆ ಮಡಿಸಿಟ್ಟಳು, ಒಂದು ಮಾತೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹೊಸ ಸೀರೆ ಉಟ್ಟುಕೊಂಡು ಬಂದು ನಿಂತಳು. “ರೊಳ್ಳಕ್ಕೆ ಹೋಗಾಣ ನಡೀರಿ. ನಿಮ್ಮವ್ವ ಎಲ್ರ ಮುಂದೆ ಅಂದ್ರು. ನೀವೂ ಎಲ್ರ ಮುಂದೆ ಹೇಳ್ಬೇಕು.”

ಅಷ್ಟು ದೂರದ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ರೊಳ್ಳದಲ್ಲಿ ಮಂಜುಳಾಳ ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುವ ಹೊತ್ತು. ಮನೆಯವರೆಲ್ಲ ಕೈಯಲ್ಲಿ ಸೊಪ್ಪು ಹಿಡಿದೇ ಬಂದು ನಿಂತರು. ನಾನು ಹೇಳಿದೆ. ಕತ್ತರಿ ಹಿಡಿಸಿದ್ದು ನಾನು, ಸೀಳುತುಟಿ ನನ್ನ ಕಡೆಯದು, ಸುಳ್ಳು ಹೇಳಿದ್ದು ನಾನು — ಮೂರನ್ನೂ ಹೇಳಿದೆ. ಕೇಳಿದವರು ಯಾರೂ ಕೂಗಾಡಲಿಲ್ಲ. ಮಂಜುಳಾ ಮಾತ್ರ, “ಭಾವ, ನಾನು ಅಕ್ಕನ ಹತ್ರ ಮಾತು ಬಿಟ್ಟಾಗ್ಲೂ ನಿಮಗೆ ಗೊತ್ತಿತ್ತಾ?” ಎಂದಳು.

“ಗೊತ್ತಿತ್ತಮ್ಮ.”

“ಹಂಗಾದ್ರೆ ಇವತ್ತು ನಿಮಗೆ ಊಟಕ್ಕೆ ಇಕ್ಕಲ್ಲ. ಅಕ್ಕನಿಗೆ ಇಕ್ತೀನಿ.”

ಹಾಗೆಯೇ ಮಾಡಿದಳು. ಅಕ್ಕತಂಗಿ ಅಡುಗೆಮನೆಯಲ್ಲಿ ಕೂತು ಮುದ್ದೆ ಉಣ್ಣುತ್ತಾ ಬಹಳ ಹೊತ್ತು ಅತ್ತರು, ಆಮೇಲೆ ನಕ್ಕರು. ನಾನು ಬಸ್ ಸ್ಟಾಪಿನಲ್ಲಿ ಬೋಂಡಾ ತಿಂದೆ. ಬಸ್ಸು ಹೊರಟ ಮೇಲೆ ಗಿರಿಜಾ, “ಹೊಟ್ಟೆ ತುಂಬ್ತಾ?” ಎಂದು ಕೇಳಿದಳು. ನಾಲ್ಕು ದಿನಗಳಲ್ಲಿ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಆ ಬೋಂಡಾದಷ್ಟು ರುಚಿಯಾದದ್ದನ್ನು ನಾನು ಬಹಳ ಕಾಲದಿಂದ ತಿಂದಿರಲಿಲ್ಲ.

ನಂದಿನಿಯ ಜೊತೆ ಆ ಡಾಕ್ಟರಮ್ಮನ ಬಳಿಗೆ ನಾವಿಬ್ಬರೂ ಹೋದೆವು. ಅವರು ಒಂದು ಹಾಳೆಯ ಮೇಲೆ ವಂಶದ ಚಿತ್ರ ಬರೆದರು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು. ಕೂಸಿದ್ದಾಗಲೇ ಸತ್ತುಹೋದ ನನ್ನ ಸೋದರಮಾವನ ಚೌಕಕ್ಕೆ ಕಪ್ಪು ತುಂಬಿದರು, ನನ್ನದಕ್ಕೆ ತುಂಬಿದರು, ನಂದಿನಿಯ ದುಂಡಿಗೆ ತುಂಬಿದರು. ಗಿರಿಜಾಳದು ಬೆಳ್ಳಗೇ ಉಳಿಯಿತು. ಅವಳು ಆ ದುಂಡಿನ ಮೇಲೆ ಬೆರಳಿಟ್ಟು, “ಇದು ನಾನಾ ಮೇಡಂ?” ಅಂದಳು. ಹೌದೆಂದರು. ತನ್ನ ಹಳೆಯ ಪ್ರಶ್ನೆಯನ್ನೂ ಕೇಳಿಯೇಬಿಟ್ಟಳು — ಗ್ರಹಣದಲ್ಲಿ ಕತ್ತರಿ ಹಿಡಿದಿದ್ದೆ, ಅದರಿಂದ? ಡಾಕ್ಟರಮ್ಮ, ಅದು ಎಷ್ಟನೇ ತಿಂಗಳು ಅಂದರು. ಆರು. “ಮಗುವಿನ ತುಟಿ, ಅಂಗುಳ ಎಲ್ಲಾ ಮೂರು ತಿಂಗಳೊಳಗೇ ಕೂಡಿ ಮುಗಿದಿರುತ್ತಮ್ಮ. ಯಾವ ಗ್ರಹಣವೂ ಅದನ್ನ ಸೀಳಲ್ಲ” ಎಂದರು. ರಕ್ತದಲ್ಲಿ ಬಂದದ್ದೂ ತಪ್ಪಲ್ಲ, ಈ ಚಿತ್ರದಲ್ಲಿ ತಪ್ಪನ್ನು ಬರೆಯುವುದಿಲ್ಲ ಎಂದು ನನಗೂ ಹೇಳಿದರು. ಅದು ನಿಜ. ನನ್ನ ತಪ್ಪು ಆ ಹಾಳೆಯಲ್ಲಿ ಇರಲಿಲ್ಲ. ಅದು ಬೆಂಗಳೂರಿನ ಹಳೆಯ ಫೈಲಿನಲ್ಲಿ, ‘ಇಲ್ಲ’ ಎಂದು ಬರೆದ ಜಾಗದಲ್ಲಿ ಇದೆ.

ನಂದಿನಿಯ ಮಗುವಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಹೆಚ್ಚು, ಆದರೂ ಬಾರದೇ ಇರುವ ಸಾಧ್ಯತೆಯೇ ಬಹಳ ಎಂದರು. ಬಸುರಾಗುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ, ಮನೆಯಲ್ಲಿ ಹೊಗೆ ಬೇಡ, ಕೇಳದೆ ಯಾವ ಔಷಧಿಯೂ ಬೇಡ. ಈಗ ಅವಳಿಗೆ ಏಳು ತಿಂಗಳು. ಸ್ಕ್ಯಾನಿನಲ್ಲಿ ತುಟಿ ಕೂಡಿದಂತೆ ಕಾಣುತ್ತದಂತೆ. ಅಂಗುಳದ ವಿಷಯ ಹುಟ್ಟಿದ ಮೇಲೆಯೇ ಖಚಿತ. ಹೇಗೆ ಹುಟ್ಟಿದರೂ ಯಾವ ಹೆಂಗಸನ್ನೂ ಯಾರೂ ಒಂದು ಮಾತು ಅನ್ನದಂತೆ ಮೊದಲು ನಾನು ಮಾತಾಡುತ್ತೇನೆ. ಓಣಿಯಲ್ಲಿ, ಹಿರೇಹಾಳಿನಲ್ಲಿ ಅಂದು ಕೇಳಿದವರಲ್ಲಿ ಬದುಕಿರುವವರಿಗೆಲ್ಲ ಹೇಳಿ ಬಂದಿದ್ದೇನೆ. ಉಳಿದವರಿಗಾಗಿ ಇದನ್ನು ಬರೆದಿದ್ದೇನೆ.

ಗಿರಿಜಾ ಶನಿವಾರ ಮಧ್ಯಾಹ್ನ ಈಗ ಹೊಟ್ಟೆ ತುಂಬಾ ಉಣ್ಣುತ್ತಾಳೆ. ದಿನಾ ಮಗಳಿಗೆ ಫೋನು, ತಂಗಿಗೆ ಫೋನು, ಮನೆಯಲ್ಲಿ ನಗು. ಹೀಗೆ ಎಲ್ಲ ಚೆನ್ನಾಗಿರುವ ಒಂದು ದಿನ, ಧೈರ್ಯ ಮಾಡಿ, “ನನ್ನ ಮ್ಯಾಲಿನ ಸಿಟ್ಟು ಹೋತೇನು?” ಎಂದು ಕೇಳಿದೆ.

“ಇಲ್ಲ. ಐತೆ. ಇರ್ಲಿ ಬಿಡ್ರಿ, ಅದು ನಂದು. ಕಳೀಬೇಕು ಅಂತ ನೀವು ಒದ್ದಾಡ್ಬೇಡಿ.”

ಆಯಿತು ಅಂದೆ. ಆ ಸಿಟ್ಟಿನ ಪಕ್ಕದಲ್ಲೇ ನಮ್ಮ ಊಟ, ಮಾತು, ನಗು ಎಲ್ಲ ನಡೆದಿದೆ. ನಾನು ಅದನ್ನು ಮತ್ತೆ ಕೇಳಿಲ್ಲ. ಕೇಳುವುದೂ ಇಲ್ಲ.